ಹೆಸರು ಮುಚ್ಚಿಟ್ಟು ಹಾಡಿಗೆ ಅಂಕ ಕೊಡಿಸುವ ಟೂ-ಇನ್-ಒನ್

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಟಿವಿ ಪಕ್ಕ ಈಗ ಒಂದು ಹಳೇ ಟೂ-ಇನ್-ಒನ್, ಅಂದರೆ ರೇಡಿಯೋ, ಕ್ಯಾಸೆಟ್ ಎರಡೂ ಇದ್ದ ಪೆಟ್ಟಿಗೆ, ಇದೆ. ಹೊರಗಿನಿಂದ ನೋಡಿದರೆ 1980ರ ದಶಕದ್ದೇ. ಎರಡು ಸ್ಪೀಕರ್, ನಡುವೆ ಕ್ಯಾಸೆಟ್ ಬಾಗಿಲು, ಕೆಳಗೆ ಸಾಲಾಗಿ ಆರು ಕೀ. ಒಳಗೆ ಮಾತ್ರ ಮೋಟರ್ ಇಲ್ಲ, ಟೇಪ್ ಓದುವ ಹೆಡ್ ಇಲ್ಲ, ಬೆಲ್ಟ್ ಇಲ್ಲ. ನಾನು ಇಷ್ಟು ವರ್ಷ ಕೂಡಿಸಿಟ್ಟ ಸುಮಾರು ನಾಲ್ಕು ಸಾವಿರ ಹಾಡುಗಳಲ್ಲಿ ಯಾವುದಾದರೂ ಒಂದನ್ನು ಅದೇ ಆರಿಸಿ ಹಾಕುತ್ತದೆ. ಯಾವ ಹಾಡು, ಯಾರು ಹಾಡಿದ್ದು ಅಂತ ಹೇಳುವುದಿಲ್ಲ. ಕೇಳಿ, ಒಂದು ಕೀ ಒತ್ತಿ ಅಂಕ ಕೊಟ್ಟ ಮೇಲೆಯೇ ಕ್ಯಾಸೆಟ್ ಬಾಗಿಲಿನ ಹಿಂದಿನ ಪರದೆಯಲ್ಲಿ ಹೆಸರು ಮೂಡುತ್ತದೆ.

ಇದನ್ನೆಲ್ಲ ಫೋನಿನಲ್ಲೇ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಮಾಡಿ ನೋಡಿದ್ದೇನೆ. ಶಫಲ್ ಹಾಕುವುದು, ಬಂದ ಹಾಡಿಗೆ ಐದರಲ್ಲಿ ಇಷ್ಟು ನಕ್ಷತ್ರ ಅಂತ ಕೊಡುತ್ತಾ ಹೋಗುವುದು. ತೊಂದರೆ ಏನೆಂದರೆ, ಹಾಡು ಶುರುವಾಗುವ ಮೊದಲೇ ಹೆಸರು ಕಣ್ಣಿಗೆ ಬೀಳುತ್ತದೆ. ದೊಡ್ಡ ಗಾಯಕರ ಹೆಸರು ಕಂಡರೆ ಮೂರು ಕೊಡಲು ಕೈ ಬರುವುದಿಲ್ಲ. ಅಮ್ಮ ಗುನುಗುತ್ತಿದ್ದ ಹಾಡಾದರೆ ಐದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಯಾರೋ ಪೆನ್‌ಡ್ರೈವ್‌ನಲ್ಲಿ ತುಂಬಿಸಿಕೊಟ್ಟ, ಹೆಸರೇ ಗೊತ್ತಿಲ್ಲದ ಗಾಯಕಿಗೆ ಮೊದಲ ಸಾಲು ಮುಗಿಯುವುದರೊಳಗೆ ಎರಡು. ಕೊನೆಗೆ ಆ ಪಟ್ಟಿ ನೋಡಿದರೆ ಅದರಲ್ಲಿ ಇದ್ದದ್ದು ನನ್ನ ಭಯಭಕ್ತಿ ಅಷ್ಟೇ. ಅಂಕ ಕೊಟ್ಟದ್ದು ಕಿವಿಯಲ್ಲ.

ಹಾಗಾಗಿ ಹೆಸರು ಮುಚ್ಚಿಡುವುದೇ ಈ ಪ್ರಾಜೆಕ್ಟಿನ ಮುಖ್ಯ ಕೆಲಸ. ಉಳಿದದ್ದೆಲ್ಲ ಅದಕ್ಕೆ ಬೇಕಾದ ಸಾಮಾನು.

ಪೆಟ್ಟಿಗೆ ಬಿಚ್ಚಿದ್ದು

ಈ ಸೆಟ್ಟನ್ನು ನನ್ನ ಚಿಕ್ಕಪ್ಪ ದುಬೈಯಿಂದ ತಂದಿದ್ದರು. ಕುಂದಾಪುರದ ಮನೆಯಲ್ಲಿ ಯಕ್ಷಗಾನದ ಕ್ಯಾಸೆಟ್ ಹಾಕಿ ಹಾಕಿ ಸವೆದಿದೆ. ಬಿಚ್ಚಿ ನೋಡಿದಾಗ ರಬ್ಬರ್ ಬೆಲ್ಟ್‌ಗಳು ಕರಗಿ ಕಪ್ಪು ಅಂಟಾಗಿದ್ದವು. ಹಳೇ ಡೆಕ್ ಬಿಚ್ಚಿದವರಿಗೆ ಈ ಅಂಟು ಗೊತ್ತು. ಕೈಗೆ ಹತ್ತಿದರೆ ಸೋಪಿಗೆ ಜಗ್ಗುವುದಿಲ್ಲ, ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಹೆಡ್ ಮೇಲೆ ಟೇಪ್ ಉಜ್ಜಿ ಗೀರು ಬಿದ್ದಿತ್ತು. ಟೇಪ್ ಎಳೆಯುವ ಕಡ್ಡಿಗೆ, ಅಂದರೆ ಕ್ಯಾಪ್‌ಸ್ಟನ್‌ಗೆ, ಕರಾವಳಿಯ ಉಪ್ಪುಗಾಳಿಯ ತುಕ್ಕು. ಇದನ್ನು ರಿಪೇರಿ ಮಾಡಿ ಕ್ಯಾಸೆಟ್ ಕೇಳುವ ಆಸೆ ಬಿಟ್ಟ ಮೇಲೆಯೇ ಕೈ ಹಾಕಿದ್ದು. ನಿಮ್ಮ ಹತ್ತಿರ ಓಡುವ ಡೆಕ್ ಇದ್ದರೆ ದಯವಿಟ್ಟು ಅದನ್ನು ಬಿಚ್ಚಬೇಡಿ. ಬೆಲ್ಟ್ ಬದಲಾಯಿಸಿ, ಹೆಡ್ ಒರೆಸಿ, ಕ್ಯಾಸೆಟ್ ಕೇಳಿ.

ಮೊದಲು ಕರೆಂಟಿನ ಭಾಗ. 230 ವೋಲ್ಟ್ ಬರುವ ಟ್ರಾನ್ಸ್‌ಫಾರ್ಮರ್, ಅದರ ವೈರು, ಊದಿಕೊಂಡ ಕೆಪಾಸಿಟರ್‌ಗಳಿದ್ದ ಬೋರ್ಡು, ಎಲ್ಲ ತೆಗೆದೆ. ಇನ್ನು ಪೆಟ್ಟಿಗೆಯೊಳಗೆ 5 ವೋಲ್ಟ್‌ಗಿಂತ ಜಾಸ್ತಿ ಇರಬಾರದು ಅಂತ ತೀರ್ಮಾನ. ಮನೆಯಲ್ಲಿ ಎಲ್ಲರೂ ಮುಟ್ಟುವ ವಸ್ತು ಅಲ್ವಾ.

ಇಟ್ಟುಕೊಂಡದ್ದು ನಾಲ್ಕು: ಸ್ಪೀಕರ್‌ಗಳು, ಸದ್ದು ಏರಿಳಿಸುವ ಗುಂಡಿಯ ವಾಲ್ಯೂಮ್ ಪಾಟ್, ರೇಡಿಯೋದ ಎಂಡಬ್ಲ್ಯೂ, ಎಸ್‌ಡಬ್ಲ್ಯೂ, ಎಫ್‌ಎಂ ಆರಿಸುವ ಬ್ಯಾಂಡ್ ಸ್ವಿಚ್ ಮತ್ತು ಆ ಆರು ಕೀಗಳು. ಕೀಗಳ ಕೆಲಸವೇ ಹೆಚ್ಚು ತಲೆ ತಿಂದದ್ದು, ಹೆಚ್ಚು ಖುಷಿ ಕೊಟ್ಟದ್ದೂ ಅದೇ.

ಟೂ-ಇನ್-ಒನ್‌ನಲ್ಲಿ ಪ್ಲೇ ಒತ್ತಿದರೆ ಕೀ ಕೆಳಗೇ ನಿಲ್ಲುತ್ತದೆ. ಸ್ಟಾಪ್ ಒತ್ತಿದಾಗ ಟಕ್ ಅಂತ ಮೇಲೆ ಬರುತ್ತದೆ. ಹಾಗೆ ಹಿಡಿದಿಡುವುದು ಕೀಗಳ ಅಡಿಯಲ್ಲಿ ಅಡ್ಡಲಾಗಿ ಜಾರುವ ಒಂದು ತಗಡಿನ ಪಟ್ಟಿ. ಅಂಕ ಕೊಡಲು ಕೀ ಒತ್ತಿದ ಕೂಡಲೇ ವಾಪಸ್ ಬರಬೇಕು. ಆ ಪಟ್ಟಿಯನ್ನೂ ಅದರ ಸ್ಪ್ರಿಂಗನ್ನೂ ತೆಗೆದರೆ ಸಾಕು. ಪ್ರತಿ ಕೀಗೂ ಬೇರೆ ಸ್ಪ್ರಿಂಗ್ ಇರುವುದರಿಂದ ಅವು ತಾವಾಗಿಯೇ ಮೇಲೇಳುತ್ತವೆ. ಪಾಸ್ ಕೀ, ಅಂದರೆ ಹಾಡನ್ನು ನಡುವೆ ತಡೆದು ಹಿಡಿಯುವ Pause, ಮಾತ್ರ ಬೇರೆ ಥರ. ಅದು ಬಾಲ್‌ಪೆನ್ನಿನಂತೆ ಒಂದು ಸಲ ಒತ್ತಿದರೆ ಕೆಳಗೆ, ಇನ್ನೊಂದು ಸಲ ಒತ್ತಿದರೆ ಮೇಲೆ. ಅದರ ಒಳಗಿನ ಸಣ್ಣ ತಂತಿ ಕೊಕ್ಕೆಯನ್ನು ತೆಗೆದೆ.

ಆಮೇಲೆ ರೆಕಾರ್ಡ್ ಕೀ. ಅದು ಏನು ಮಾಡಿದರೂ ಕೆಳಗೆ ಹೋಗುವುದಿಲ್ಲ. ಕಾರಣ ನೆನಪಿರಬಹುದು. ಕ್ಯಾಸೆಟ್ಟಿನ ಹಿಂಬದಿಯಲ್ಲಿ ಮುರಿಯುವ ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಡೆಕ್ಕಿನೊಳಗೆ ಒಂದು ಕಡ್ಡಿ ಆ ಜಾಗವನ್ನು ತಡವಿ ನೋಡುತ್ತದೆ. ತುಂಡು ಸಿಗದಿದ್ದರೆ ರೆಕಾರ್ಡ್ ಕೀಗೆ ಅಡ್ಡ ನಿಲ್ಲುತ್ತದೆ. ಕ್ಯಾಸೆಟ್ಟೇ ಇಲ್ಲದಿದ್ದರೆ ತುಂಡು ಎಲ್ಲಿಂದ ಬರಬೇಕು? ಕಡ್ಡಿಯನ್ನು ಹಿಂದಕ್ಕೆ ಎಳೆದು ಕಟ್ಟಿದೆ. ಕೀ ಸಲೀಸಾಗಿ ಇಳಿಯಿತು.

ಪ್ರತಿ ಕೀಯ ಹಿಂದಿನ ತುದಿಗೆ ಒಂದೊಂದು ಮೈಕ್ರೋಸ್ವಿಚ್. ಲಿವರ್ ಇರುವಂಥದ್ದು, ಒತ್ತಿದರೆ ಟಿಕ್ ಅನ್ನುವುದು. ಒಂದು ಅಕ್ರಿಲಿಕ್ ಪಟ್ಟಿಗೆ ಆರನ್ನೂ ಸಾಲಾಗಿ ಸ್ಕ್ರೂ ಮಾಡಿ, ಆ ಪಟ್ಟಿಯನ್ನು ಮೋಟರ್ ಇದ್ದ ಜಾಗದಲ್ಲಿ ಕೂರಿಸಿದೆ. ಸ್ಕ್ರೂ ಹೋಗುವ ತೂತನ್ನು ಉದ್ದಕ್ಕೆ ಕೊರೆಯಿರಿ. ಆಗ ಪಟ್ಟಿಯನ್ನು ಮಿಲಿಮೀಟರ್‌ಗಟ್ಟಲೆ ಹಿಂದೆ ಮುಂದೆ ಸರಿಸಿ ಹೊಂದಿಸಬಹುದು.

ನಾಲ್ಕೇ ಅಂಕ

ಆರು ಕೀಯಲ್ಲಿ ಸ್ಟಾಪ್ ಮತ್ತು ಪಾಸ್ ಬೇರೆ ಕೆಲಸಕ್ಕೆ ಬೇಕು. ಸ್ಟಾಪ್ ಅಂದರೆ ನಿಲ್ಲಿಸು, ಇಲ್ಲವೇ ಮತ್ತೆ ಹಾಡು. ಪಾಸ್ ಅಂದರೆ ಅಂಕ ಕೊಡದೆ ಮುಂದಿನದಕ್ಕೆ ಹೋಗು. ಉಳಿದದ್ದು ನಾಲ್ಕು. ಅಂದಮೇಲೆ ಐದು ಅಂಕದ ಲೆಕ್ಕ ನಡೆಯುವುದಿಲ್ಲ.

ಇದರಿಂದ ಲಾಭವೇ ಆಯಿತು ಅಂತ ನನ್ನ ಅನಿಸಿಕೆ. ಐದರ ಪಟ್ಟಿಯಲ್ಲಿ ಮೂರು ಅನ್ನುವುದು ಸೋಮಾರಿಯ ಅಂಕ. ಸರಿಯಾಗಿ ಕೇಳದೆ ಇದ್ದರೂ ಮೂರು, ಇಷ್ಟ ಆಯಿತೋ ಇಲ್ಲವೋ ಗೊತ್ತಾಗದಿದ್ದರೂ ಮೂರು. ನಾಲ್ಕರಲ್ಲಿ ನಡು ಇಲ್ಲ. ಈ ಕಡೆ ಬರಬೇಕು, ಇಲ್ಲ ಆ ಕಡೆ ಹೋಗಬೇಕು. ನಾನು ಇಟ್ಟುಕೊಂಡ ಅರ್ಥ ಹೀಗೆ. ಕೆಂಪು ರೆಕಾರ್ಡ್ ಕೀ ಒಂದು: ಇನ್ನು ಬೇಡ. ಪ್ಲೇ ಎರಡು: ಬಂದರೆ ಬರಲಿ. ರಿವೈಂಡ್ ಮೂರು: ಚೆನ್ನಾಗಿದೆ. ಫಾಸ್ಟ್ ಫಾರ್ವರ್ಡ್ ನಾಲ್ಕು: ಯಾರಾದರೂ ಮನೆಗೆ ಬಂದರೆ ಕೇಳಿಸಬೇಕು. ಆ ಕೊನೆಯದು ಒಳ್ಳೆಯ ಅಳತೆಗೋಲು. ಸುಮ್ನೆ ‘ತುಂಬಾ ಚೆನ್ನಾಗಿದೆ’ ಅನ್ನುವುದಕ್ಕಿಂತ ಬೇಗ ನಿರ್ಧಾರವಾಗುತ್ತದೆ.

ಇನ್ನೊಂದು ನಿಯಮ ಸೇರಿಸಿದೆ. ಹಾಡು ಶುರುವಾದ ಮೊದಲ 60 ಸೆಕೆಂಡ್ ಅಂಕದ ಕೀಗಳು ಸತ್ತ ಹಾಗೆ. ನಮ್ಮ ಸಿನಿಮಾ ಹಾಡುಗಳಲ್ಲಿ ಪಲ್ಲವಿಗೆ ಮೊದಲು ವಾದ್ಯಗಳದ್ದೇ ದೊಡ್ಡ ಮೆರವಣಿಗೆ ಇರುತ್ತದೆ. ಗಾಯಕರು ಬಾಯಿ ತೆರೆಯುವ ಮೊದಲೇ ತೀರ್ಪು ಕೊಡುವುದು ಬೇಡ. ಪಾಸ್ ಕೀ ಮಾತ್ರ ಯಾವಾಗಲೂ ಕೆಲಸ ಮಾಡುತ್ತದೆ.

ಲ್ಯಾಮಿಂಗ್ಟನ್ ರೋಡ್ ಸಾಮಾನು

ಒಳಗಿನ ತಲೆ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು. 2021ರಲ್ಲಿ ಬಂದದ್ದು, ಚ್ಯೂಯಿಂಗ್ ಗಮ್ ಪ್ಯಾಕೆಟ್ಟಿನಷ್ಟು ಅಳತೆ, ಹಾಡು ಹಾಕಲು ಧಾರಾಳ. ಅದರಲ್ಲಿ ಹೆಡ್‌ಫೋನ್ ಜಾಕ್ ಇಲ್ಲ. ಹಾಗಾಗಿ ಫೈಲಿನ ಅಂಕಿಗಳನ್ನು ಧ್ವನಿಯ ಸಿಗ್ನಲ್ ಮಾಡುವ ಡ್ಯಾಕ್ ಬೇಕಾಯಿತು, ಪಿಸಿಎಂ5102ಎ ಚಿಪ್ ಇರುವ ಸಣ್ಣ ಬೋರ್ಡ್. ಸ್ಪೀಕರ್ ಓಡಿಸಲು ಪಿಎಎಂ8403 ಆಂಪ್ಲಿಫೈಯರ್ ಬೋರ್ಡ್. ಇದೂ 5 ವೋಲ್ಟ್‌ನಲ್ಲೇ ನಡೆಯುತ್ತದೆ. ಪರದೆಗೆ 2.42 ಇಂಚಿನ ಓಎಲ್ಇಡಿ, 128 ಅಡ್ಡ, 64 ಉದ್ದ ಚುಕ್ಕಿಗಳದ್ದು. ಕ್ಯಾಸೆಟ್ ಬಾಗಿಲಿನ ಕಿಟಕಿಗೆ ಅದು ಸರಿಹೊಂದುತ್ತದೆ.

ಎಲ್ಲ ಆನ್‌ಲೈನ್‌ನಲ್ಲೂ ಸಿಗುತ್ತದೆ. ಆದರೂ ನಾನು ಮುಂಬೈಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೇ ಹೋದೆ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ದಾದರ್, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಾಯಿಸಿ ಗ್ರ್ಯಾಂಟ್ ರೋಡ್. ಬೋರ್ಡು ಆನ್‌ಲೈನ್‌ನಲ್ಲಿ ತರಿಸಬಹುದು. ಮೈಕ್ರೋಸ್ವಿಚ್ ಮಾತ್ರ ಕೈಯಲ್ಲಿ ಒತ್ತಿ ನೋಡಿಯೇ ತರಬೇಕು. ಕೆಲವಕ್ಕೆ ಲಿವರ್ ಗಟ್ಟಿ, ಕೀ ವಾಪಸ್ ಬರುವುದಿಲ್ಲ. ಕೆಲವು ಎಷ್ಟು ಮೆತ್ತಗೆ ಅಂದರೆ ರಿಕ್ಷಾ ಹೋದರೂ ಒತ್ತಿಕೊಳ್ಳಬಹುದು. ಅಂಗಡಿಯವರು ಡಬ್ಬಿ ಮುಂದಿಟ್ಟು, “ದೇಖ್ ಲೋ ಭಾಯ್” ಅಂದು ತಮ್ಮ ಕೆಲಸಕ್ಕೆ ಹೋದರು. ಆರಿಸಲು ಸಮಯ ಸಿಕ್ಕಿತು. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಹಳೇ ಪೆಟ್ಟಿಗೆ ಮನೆಯಲ್ಲೇ ಇದ್ದದ್ದರಿಂದ ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿಯಿತು.

ವೈರಿಂಗ್‌ನಲ್ಲಿ ಎರಡು ಕಡೆ ಎಚ್ಚರ ಬೇಕು.

ಒಂದು, ಡ್ಯಾಕ್. ಪೈ ಕಡೆಯಿಂದ ಮೂರು ಸಿಗ್ನಲ್ ವೈರ್: ಜಿಪಿಐಒ ಅನ್ನುವ ಪಿನ್‌ಗಳಲ್ಲಿ 18, 19 ಮತ್ತು 21. ಬೋರ್ಡಿನಲ್ಲಿ ಎಸ್‌ಸಿಕೆ ಅಂತ ಇನ್ನೊಂದು ಪಿನ್ ಇರುತ್ತದೆ. ಪೈ ಆ ಸಿಗ್ನಲ್ ಕೊಡುವುದಿಲ್ಲ. ಅದನ್ನು ಗ್ರೌಂಡ್‌ಗೆ ಸೇರಿಸಿದರೆ ಚಿಪ್ ತನ್ನ ಗಡಿಯಾರವನ್ನು ತಾನೇ ಒಳಗೆ ಹುಟ್ಟಿಸಿಕೊಳ್ಳುತ್ತದೆ. ಸುಮ್ಮನೆ ತೆರೆದು ಬಿಟ್ಟರೆ ಒಮ್ಮೆ ಹಾಡುತ್ತದೆ, ಒಮ್ಮೆ ಕರಕರ, ಒಮ್ಮೆ ಏನೂ ಇಲ್ಲ. ಬೋರ್ಡಿನಲ್ಲೇ ಅದಕ್ಕೊಂದು ಜಂಪರ್ ಜಾಗ ಇರುತ್ತದೆ, ಒಂದು ಹನಿ ಸೋಲ್ಡರ್ ಸಾಕು. ಪರದೆಯನ್ನು ಎಸ್‌ಪಿಐ ಅನ್ನುವ ಸಂಪರ್ಕದಲ್ಲಿ ಜೋಡಿಸಿದರೆ ಮೊದಲನೆಯ ಎಸ್‌ಪಿಐ ಪಿನ್‌ಗಳನ್ನೇ ಬಳಸಿ. ಎರಡನೆಯದು ಡ್ಯಾಕ್‌ನ ಪಿನ್‌ಗಳ ಮೇಲೆ ಬಂದು ಕೂರುತ್ತದೆ.

ಎರಡು, ಸ್ಪೀಕರ್. ಹಳೇ ಸೆಟ್‌ಗಳಲ್ಲಿ ಎರಡೂ ಸ್ಪೀಕರ್‌ಗಳ ಮೈನಸ್ ವೈರನ್ನು ಒಟ್ಟು ಸೇರಿಸಿ ಗ್ರೌಂಡ್‌ಗೆ ಕಟ್ಟಿರುತ್ತಾರೆ. ಪಿಎಎಂ8403ನಲ್ಲಿ ಹಾಗೆ ಮಾಡಿದರೆ ಚಿಪ್ ಸುಡುವ ಅಪಾಯ. ಅದರಲ್ಲಿ ಸ್ಪೀಕರ್‌ನ ಎರಡೂ ತುದಿಗೆ ಸಿಗ್ನಲ್ ಬರುತ್ತದೆ, ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ. ಯಾವ ತುದಿಯೂ ಗ್ರೌಂಡ್ ಅಲ್ಲ. ಒಟ್ಟು ಸೇರಿಸಿದ ವೈರನ್ನು ಕತ್ತರಿಸಿ, ಪ್ರತಿ ಸ್ಪೀಕರ್‌ಗೆ ಬೇರೆ ಬೇರೆ ಜೋಡಿ ವೈರ್ ಎಳೆಯಬೇಕು.

ಡ್ಯಾಕ್‌ನಿಂದ ಬರುವ ಸಿಗ್ನಲ್ 2 ವೋಲ್ಟ್‌ನಷ್ಟು ಜೋರು, ಈ ಆಂಪ್ಲಿಫೈಯರ್‌ಗೆ ತುಂಬಾ ಜಾಸ್ತಿ. ವಾಲ್ಯೂಮ್ ಸ್ವಲ್ಪ ತಿರುಗಿಸಿದರೂ ಒಡಕು ದನಿ. ಹಳೇ ಪಾಟ್‌ನ ಮುಂದೆ ಎರಡೂ ಚಾನೆಲ್‌ಗೆ 100 ಕಿಲೋಓಮ್ ರೆಸಿಸ್ಟರ್ ಹಾಕಿದ ಮೇಲೆ ಗುಂಡಿ ಪೂರ್ತಿ ತಿರುಗಿಸಲು ಜಾಗ ಸಿಕ್ಕಿತು. ಪಾಟ್ ಒಳಗಿನ ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಆಂಪ್ಲಿಫೈಯರ್‌ಗೂ ಪೈಗೂ ಅಡಾಪ್ಟರ್‌ನಿಂದಲೇ ಬೇರೆ ಬೇರೆ ವೈರ್ ಎಳೆದು, ಆಂಪ್ಲಿಫೈಯರ್ ಹತ್ತಿರ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟಾಗ ಹಿನ್ನೆಲೆಯ ಕುಂಯ್‌ಗುಟ್ಟುವ ಸದ್ದು ಕೇಳದಷ್ಟು ತಗ್ಗಿತು.

ಪರದೆಯಲ್ಲಿ ಕನ್ನಡ

ಹೆಸರು ಕೊನೆಯಲ್ಲಿ ತೋರಿಸುವುದಾದರೆ ಕನ್ನಡದಲ್ಲೇ ತೋರಿಸಬೇಕು ಅಂತ ಹಟ. ಇಲ್ಲಿ ಒತ್ತಕ್ಷರ ಕಾಡುತ್ತದೆ. ನಾನು ಪ್ರೋಗ್ರಾಂ ಬರೆದ ಪೈಥಾನ್ ಭಾಷೆಯಲ್ಲಿ ಚಿತ್ರ ಬಿಡಿಸಲು ಪಿಲ್ಲೋ ಅಂತ ಲೈಬ್ರರಿ ಇದೆ. ಅದು ಸುಮ್ನೆ ಬರೆದರೆ ಅಕ್ಷರಗಳನ್ನು ಒಂದಾದ ಮೇಲೊಂದು ಜೋಡಿಸುತ್ತದೆ ಅಷ್ಟೇ. ‘ಕೃಷ್ಣ’ ಹೋಗಿ ‘ಕೃಷ್‌ಣ’ ಆಗುತ್ತದೆ. ಲಿಬ್‌ರಕಮ್ ಅನ್ನುವ ಇನ್ನೊಂದು ಲೈಬ್ರರಿ ಜೊತೆಗಿದ್ದರೆ ಪಿಲ್ಲೋ ಕೆಲಸವನ್ನು ಹಾರ್ಫ್‌ಬಝ್‌ಗೆ ಒಪ್ಪಿಸುತ್ತದೆ. ಹಾರ್ಫ್‌ಬಝ್‌ಗೆ ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಗೊತ್ತು. ಇದನ್ನು ಇನ್‌ಸ್ಟಾಲ್ ಮಾಡಿದ ಮೇಲೆ ನೋಟೋ ಸಾನ್ಸ್ ಕನ್ನಡ ಫಾಂಟ್‌ನಲ್ಲಿ ಹೆಸರುಗಳು ಸರಿಯಾಗಿ ಬಂದವು.

ಆದರೂ 64 ಚುಕ್ಕಿ ಎತ್ತರ ಕನ್ನಡಕ್ಕೆ ಕಡಿಮೆಯೇ. ಇಂಗ್ಲಿಷ್‌ಗಾದರೆ ನಾಲ್ಕು ಸಾಲು ಹಿಡಿಸಬಹುದು. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು. 20 ಚುಕ್ಕಿಗಿಂತ ಚಿಕ್ಕ ಅಕ್ಷರ ಬಳಸಿದರೆ ಒತ್ತು ಯಾವುದು ಅಂತಲೇ ತಿಳಿಯುವುದಿಲ್ಲ. ಹಾಗಾಗಿ ಎರಡೇ ಸಾಲು. ಮೇಲೆ ಹಾಡು, ಕೆಳಗೆ ಹಾಡಿದವರು. ಉದ್ದ ಹೆಸರು ಎಡಕ್ಕೆ ಓಡುತ್ತದೆ, ಲೋಕಲ್ ಸ್ಟೇಷನ್ನಿನ ಇಂಡಿಕೇಟರ್ ಥರ.

ಹೆಸರು ಸರಿಯಾಗಿ ಬರಬೇಕಾದರೆ ಫೈಲಿನ ಟ್ಯಾಗ್ ಸರಿ ಇರಬೇಕು. ನನ್ನ ಹಳೇ ಫೈಲುಗಳಲ್ಲಿ ಒಂದಷ್ಟು ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಕಾಲದವು. ಆ ಹಳೇ ಫಾಂಟ್‌ಗಳಲ್ಲಿ ಕನ್ನಡ ಅಕ್ಷರವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಇಟ್ಟಿರುತ್ತಿದ್ದರು. ಫಾಂಟ್ ಇಲ್ಲದೆ ತೆರೆದರೆ ಟೋಪಿ, ಕೊಂಬು ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಯೂನಿಕೋಡ್‌ಗೆ ಬದಲಾಯಿಸುವ ಪ್ರೋಗ್ರಾಂ ಸಿಗುತ್ತದೆ, ಮುಕ್ಕಾಲು ಪಾಲು ಅದೇ ಮಾಡಿತು. ಉಳಿದದ್ದನ್ನು ಕೈಯಲ್ಲಿ ತಿದ್ದಿದೆ. ಭೀಮಸೇನ ಜೋಶಿ, ಭೀಮ್‌ಸೇನ್ ಜೋಷಿ, ಪಂ. ಜೋಶಿ ಮೂವರೂ ಒಬ್ಬರೇ ಅಂತ ಕಂಪ್ಯೂಟರಿಗೆ ಹೇಳಿಕೊಡದಿದ್ದರೆ ಮುಂದೆ ಹೇಳುವ ಲೆಕ್ಕ ಕೆಡುತ್ತದೆ. ಬೇಸರದ ಕೆಲಸ. ಆದರೆ ತಪ್ಪಿಸಿಕೊಳ್ಳಲು ದಾರಿ ಇಲ್ಲ.

ಅಂಕ ಎಲ್ಲಿ ಕೂರಬೇಕು

ಹಾಡು ಹಾಕುವುದು ಎಂಪಿಡಿ, ಅಂದರೆ ಮ್ಯೂಸಿಕ್ ಪ್ಲೇಯರ್ ಡೀಮನ್. ಲಿನಕ್ಸ್‌ನಲ್ಲಿ ಹಳೇ ಕೈ. ಅದರಲ್ಲೇ ಸ್ಟಿಕರ್ ಅಂತ ಒಂದು ಸೌಲಭ್ಯ ಇದೆ. ಪ್ರತಿ ಹಾಡಿನ ಮೇಲೆ ಬೇಕಾದ ಚೀಟಿ ಅಂಟಿಸಬಹುದು. ಆದರೆ ಆ ಚೀಟಿ ಅಂಟುವುದು ಫೈಲಿನ ದಾರಿಗೆ. ಫೋಲ್ಡರ್ ಬದಲಾಯಿಸಿದರೆ ಅಂಕ ಮಾಯ. ನನ್ನಂತೆ ಆಗಾಗ ಫೋಲ್ಡರ್ ಜೋಡಿಸುವ ಚಟ ಇರುವವರಿಗೆ ಇದು ಆಗಿಬರುವುದಿಲ್ಲ.

ಅದಕ್ಕೇ ಬೇರೆ ಡೇಟಾಬೇಸ್ ಇಟ್ಟೆ. ಹಾಡಿನ ಗುರುತಿಗೆ ಅದರ ಧ್ವನಿಯ ಎಂಡಿ5 ಸಂಖ್ಯೆ, ಅಂದರೆ ಧ್ವನಿಯ ಡೇಟಾದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚು. ಫ್ಲ್ಯಾಕ್ ಫೈಲುಗಳಲ್ಲಿ ಈ ಸಂಖ್ಯೆ ತಲೆಭಾಗದಲ್ಲೇ ಬರೆದಿರುತ್ತದೆ. ಎಂಪಿ3ಗೆ ಎಫ್‌ಎಫ್‌ಎಂಪೆಗ್ ಅನ್ನುವ ಪ್ರೋಗ್ರಾಂನಿಂದ ತೆಗೆಯಬಹುದು. ಧ್ವನಿಯ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಟ್ಯಾಗ್ ತಿದ್ದಿದರೂ, ಫೈಲನ್ನು ಎಲ್ಲಿಗೆ ಒಯ್ದರೂ ಗುರುತು ಅದೇ. ಕೀ ಒತ್ತಿದ ಪ್ರತಿ ಸಲವೂ ಹೊಸ ಸಾಲು ಬರೆಯುತ್ತದೆ: ಯಾವ ಹಾಡು, ಎಷ್ಟು ಅಂಕ, ಯಾವ ಹೊತ್ತು. ಹಳೆಯದನ್ನು ಅಳಿಸುವುದಿಲ್ಲ.

ಬೇರೆ ಪ್ಲೇಯರ್‌ಗಳಲ್ಲೂ ಕಾಣಲಿ ಅಂತ ಎಂಪಿ3 ಟ್ಯಾಗ್‌ನ ಒಳಗೂ ಅಂಕ ಬರೆಯುತ್ತೇನೆ. ಅದಕ್ಕೆ ‘ಪಾಪ್‌ಎಂ’ ಅನ್ನುವ ಜಾಗ ಇದೆ, 0ರಿಂದ 255ರವರೆಗೆ. ವಿಂಡೋಸ್ ಮೀಡಿಯಾ ಪ್ಲೇಯರ್ ಐದು ನಕ್ಷತ್ರಗಳನ್ನು ಅಲ್ಲಿ 1, 64, 128, 196, 255 ಅಂತ ಬರೆಯುತ್ತದೆ. ನಾನು 128 ಬಿಟ್ಟು ಉಳಿದ ನಾಲ್ಕನ್ನು ತೆಗೆದುಕೊಂಡೆ. ಸೋಮಾರಿಯ ಮೂರು ಅಲ್ಲೂ ಇಲ್ಲ.

ಪೈಯ ಮೆಮೊರಿ ಕಾರ್ಡು ಕರೆಂಟು ಹೋದಾಗ ಕೆಡದಿರಲಿ ಅಂತ ಓವರ್‌ಲೇ ಆಯ್ಕೆ ಹಾಕಿದ್ದೇನೆ. ಆಗ ಕಾರ್ಡಿನ ಮೇಲೆ ಏನೂ ಬರೆಯುವುದಿಲ್ಲ, ಪ್ಲಗ್ ಎಳೆದರೂ ಚಿಂತೆಯಿಲ್ಲ. ಆದರೆ ಅಂಕಗಳೂ ಉಳಿಯುವುದಿಲ್ಲ! ಹಾಗಾಗಿ ಡೇಟಾಬೇಸ್ ಮತ್ತು ಹಾಡುಗಳು ಪೆನ್‌ಡ್ರೈವ್‌ನಲ್ಲಿ.

ಜೋರಾಗಿ ಹಾಡಿದವರಿಗೆ ಜಾಸ್ತಿ ಅಂಕ

ಹೆಸರು ಮುಚ್ಚಿದ ಮೇಲೆ ಇನ್ನೊಂದು ಮೋಸ ಹೊರಬಿತ್ತು. ಕ್ಯಾಸೆಟ್ಟಿನಿಂದ ಇಳಿಸಿದ ಹಾಡುಗಳಿಗೆಲ್ಲ ಎರಡು, ಈಚಿನ ಸಿನಿಮಾ ಹಾಡುಗಳಿಗೆ ಮೂರು. ಭಾವಗೀತೆ ಇಷ್ಟಪಡುವ ನನ್ನ ಕಿವಿಗೆ ಇದೇನಾಯಿತು?

ಕಾರಣ ಸದ್ದಿನ ಮಟ್ಟ. ಒಂದೇ ಧ್ವನಿಯನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ಅದೇ ಚೆನ್ನಾಗಿದೆ ಅನಿಸುವುದು ಮನುಷ್ಯನ ಕಿವಿಯ ಗುಣ. ಸ್ಟೀರಿಯೋ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಈಚಿನ ಹಾಡುಗಳನ್ನು ಒತ್ತಿ ತುಂಬಿ ಜೋರು ಮಾಡಿರುತ್ತಾರೆ. ಕ್ಯಾಸೆಟ್ ಪಾಪ, ಮೆಲ್ಲಗೆ.

ಮದ್ದು ರೀಪ್ಲೇಗೇನ್. 2001ರಲ್ಲಿ ಡೇವಿಡ್ ರಾಬಿನ್ಸನ್ ಮುಂದಿಟ್ಟ ಉಪಾಯ. ಪ್ರತಿ ಹಾಡು ಕಿವಿಗೆ ಎಷ್ಟು ಜೋರು ಅನಿಸುತ್ತದೆ ಅಂತ ಅಳೆದು, ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಅಂತ ಟ್ಯಾಗ್‌ನಲ್ಲಿ ಬರೆಯುವುದು. ಫೈಲಿನ ಧ್ವನಿ ಮುಟ್ಟುವುದಿಲ್ಲ, ಹಾಡುವಾಗ ಮಾತ್ರ ಹೊಂದಿಸುತ್ತದೆ. ಆರ್‌ಎಸ್‌ಗೇನ್ ಅನ್ನುವ ಪ್ರೋಗ್ರಾಂ ಪೂರ್ತಿ ಸಂಗ್ರಹವನ್ನು ಅಳೆದು ಬರೆಯಿತು. ಎಂಪಿಡಿಯಲ್ಲಿ ‘ಟ್ರ್ಯಾಕ್’ ಅಂತ ಆರಿಸಬೇಕು. ‘ಆಲ್ಬಮ್’ ಆರಿಸಿದರೆ ಮಿಶ್ರ ಪಟ್ಟಿಗೆ ಉಪಯೋಗವಿಲ್ಲ.

ಇಷ್ಟಾದರೂ ಕೆಲವು ಕ್ಯಾಸೆಟ್ ಹಾಡುಗಳು ಮೆಲ್ಲಗೇ ಉಳಿದವು. ಧ್ವನಿಯನ್ನು ಚಿತ್ರವಾಗಿ ತೋರಿಸಿ ಕತ್ತರಿಸಲು ಬಿಡುವ ಆಡಾಸಿಟಿಯಲ್ಲಿ ತೆರೆದು ನೋಡಿದರೆ ಶುರುವಿನಲ್ಲೇ ಒಂದು ದೊಡ್ಡ ಮುಳ್ಳು. ಪ್ಲೇ ಒತ್ತಿದಾಗ ಬರುವ ‘ಢಬ್’ ಸದ್ದು! ಹಾಡಿಗಿಂತ ಅದೇ ಜೋರು. ಧ್ವನಿ ಒಡೆಯದಿರಲಿ ಅಂತ ಎಂಪಿಡಿ ಅತಿ ಎತ್ತರದ ಶಿಖರ ನೋಡಿ ಏರಿಕೆಗೆ ಮಿತಿ ಹಾಕುತ್ತದೆ. ಒಂದು ಢಬ್‌ನಿಂದಾಗಿ ಇಡೀ ಹಾಡಿಗೆ ಶಿಕ್ಷೆ. ಆ ತುಣುಕುಗಳನ್ನು ಕತ್ತರಿಸಿ ಮತ್ತೆ ಅಳೆದಾಗ ಹಾಡುಗಳು ಸಾಲಿಗೆ ಬಂದವು. ಈ ತಿದ್ದುಪಡಿಗೆ ಮೊದಲು ಕೊಟ್ಟ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಯಾವುದು ಬರಬೇಕು

ಪೂರ್ತಿ ಚೀಟಿ ಎತ್ತಿದ ಹಾಗೆ ಬಿಟ್ಟರೆ ಏನಾಗುತ್ತದೆ? ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ ಇನ್ನೊಂದು ಎತ್ತುವ ಲೆಕ್ಕ ಹಿಡಿಯಿರಿ. ನಾಲ್ಕು ಸಾವಿರ ಹಾಡಿದ್ದರೂ 75 ಹಾಡು ಮುಗಿಯುವುದರೊಳಗೆ ಯಾವುದೋ ಒಂದು ಎರಡನೇ ಸಲ ಬರುವ ಸಾಧ್ಯತೆ ಅರ್ಧದಷ್ಟು. 23 ಜನರ ಗುಂಪಿನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಲೆಕ್ಕ ಇದೆಯಲ್ಲ, ಅದೇ ಇದು. ಜನ ಇದನ್ನು ನಂಬುವುದಿಲ್ಲ, ಮೆಶಿನ್ ಕೆಟ್ಟಿದೆ ಅನ್ನುತ್ತಾರೆ. ಒಬ್ಬರೇ ಗಾಯಕರು ಬೆನ್ನು ಬೆನ್ನಿಗೆ ಬಂದರೂ ಅದೇ ದೂರು. 2005ರಲ್ಲಿ ಐಟ್ಯೂನ್ಸ್‌ನಲ್ಲಿ ‘ಸ್ಮಾರ್ಟ್ ಶಫಲ್’ ಅಂತ ಸೇರಿಸಿದ್ದು ಈ ದೂರಿಗೇ. ಬೆರಕೆ ಅನಿಸಬೇಕಾದರೆ ಬೆರಕೆಯನ್ನು ಸ್ವಲ್ಪ ಕಡಿಮೆ ಮಾಡಬೇಕು.

ನನ್ನ ನಿಯಮ ಸರಳ. ಕಳೆದ 300ರಲ್ಲಿ ಬಂದ ಹಾಡು ಬೇಡ. ಕಳೆದ ಐದರಲ್ಲಿ ಹಾಡಿದವರು ಬೇಡ. ಉಳಿದವುಗಳಿಗೆ ತೂಕ: ಇನ್ನೂ ಅಂಕ ಸಿಗದ ಹಾಡಿಗೆ 3, ನಾಲ್ಕು ಸಿಕ್ಕಿದ್ದಕ್ಕೆ 2, ಮೂರಕ್ಕೆ 1, ಎರಡಕ್ಕೆ ಕಾಲು, ಒಂದಕ್ಕೆ ಸೊನ್ನೆ. ಪೈಥಾನ್‌ನಲ್ಲಿ ತೂಕ ಕೊಟ್ಟು ಆರಿಸುವುದಕ್ಕೆ ಒಂದೇ ಸಾಲು ಸಾಕು.

ಉದ್ದದ ಫೈಲುಗಳ ಮಾತು ಬೇರೆ. ಬೆಳಗ್ಗೆ ಚಹಾ ಹೊತ್ತಿಗೆ ಮೂರು ಗಂಟೆಯ ಯಕ್ಷಗಾನ ಪ್ರಸಂಗ ಶುರುವಾದರೆ ಏನು ಮಾಡುವುದು? ವಿಲಂಬಿತ ಖಯಾಲ್‌ಗೆ ಒಂದು ನಿಮಿಷ ಕೇಳಿ ಅಂಕ ಕೊಡುವುದಂತೂ ಅನ್ಯಾಯ. 15 ನಿಮಿಷ ದಾಟಿದ್ದೆಲ್ಲ ಬೇರೆ ಪಟ್ಟಿಗೆ ಹೋಯಿತು, ಅದಕ್ಕೆ ಅಂಕವೇ ಇಲ್ಲ. ಹಳೇ ಬ್ಯಾಂಡ್ ಸ್ವಿಚ್ ಇಲ್ಲಿ ಕೆಲಸಕ್ಕೆ ಬಂತು. ಎಂಡಬ್ಲ್ಯೂ ಕಡೆ ತಿರುಗಿಸಿದರೆ ಹೆಸರಿಲ್ಲದ ಮಿಶ್ರಣ. ಎಸ್‌ಡಬ್ಲ್ಯೂ ಅಂದರೆ ಉದ್ದದ್ದು. ಎಫ್‌ಎಂ ಅಂದರೆ ಮೂರು, ನಾಲ್ಕು ಅಂಕದ ಹಾಡುಗಳು ಮಾತ್ರ, ಹೆಸರಿನ ಸಮೇತ. ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಒಂದೇ ಫೈಲ್ ಆಗಿ ಇಳಿಸಿದವೂ ಇದ್ದವು. 60 ನಿಮಿಷದ ಕ್ಯಾಸೆಟ್ ಆದರೆ ಒಂದು ಬದಿ ಅರ್ಧ ಗಂಟೆ. ಅವನ್ನು ತುಂಡು ಮಾಡಬೇಕು. ನಡುವಿನ ಮೌನ ಹುಡುಕುವ ಪ್ರೋಗ್ರಾಂಗಳು ಟೇಪಿನ ‘ಸ್ಸ್’ ಸದ್ದಿಗೆ ಮೋಸ ಹೋಗುತ್ತವೆ. ಕಿವಿಯಿಂದಲೇ ಕತ್ತರಿಸುವುದು ಬೇಗ ಮುಗಿಯುತ್ತದೆ.

ಕೇಳಿದ ಮೇಲೆ

ಹೆಸರು ಮುಚ್ಚಿದರೂ ಎಲ್ಲ ಮುಚ್ಚಿಹೋಗುವುದಿಲ್ಲ. ಪರಿಚಯದ ದನಿ ಒಂದೇ ಸ್ವರಕ್ಕೆ ಗೊತ್ತಾಗುತ್ತದೆ. ನಿಜವಾದ ಬದಲಾವಣೆ ಆದದ್ದು ನಡುವಿನವರಲ್ಲಿ. ಹೆಸರು ಕೇಳದ ಗಾಯಕ ಗಾಯಕಿಯರು ಮೂರಕ್ಕೆ, ನಾಲ್ಕಕ್ಕೆ ಏರಿದರು. ದೊಡ್ಡವರ ಕೆಲವು ಅವಸರದ ರೆಕಾರ್ಡಿಂಗ್‌ಗಳು ಎರಡಕ್ಕೆ ಇಳಿದವು. ಹೆಸರು ಕಂಡ ಮೇಲೆ ‘ಅಯ್ಯೋ’ ಅನಿಸುತ್ತದೆ, ಆದರೆ ಅಂಕ ಬದಲಾಯಿಸಲು ಬಿಡುವುದಿಲ್ಲ. ಅದೇ ಹಾಡು ಮುಂದೆ ಮತ್ತೆ ಬಂದಾಗ ಹೊಸ ಅಂಕ ಕೊಡಬಹುದು.

ಭೀಮಸೇನ ಜೋಶಿಯವರದ್ದು ಇನ್ನೊಂದು ಮಜಾ. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದವರು. ನನ್ನ ಹತ್ತಿರ ಅವರ ಕನ್ನಡ ದಾಸರಪದಗಳೂ ಇವೆ, ಮರಾಠಿ ಅಭಂಗಗಳೂ ಇವೆ. ಆಲಾಪದಲ್ಲಿ ದನಿ ಗೊತ್ತಾಗುತ್ತದೆ, ಯಾವ ಭಾಷೆ ಅಂತ ಗೊತ್ತಾಗುವುದಿಲ್ಲ. ಪಕ್ಕದ ಮನೆಯ ಕಾಕಾ ಮರಾಠಿಯವರು. ಸಂಜೆ ಬಂದು ಕೂತಾಗ ಇದೇ ನಮ್ಮ ಪಂದ್ಯ: ವಿಠ್ಠಲ ಬರುವುದು ಪುರಂದರನ ಅಂಕಿತವಾಗಿಯೋ, ಪಂಢರಿಯ ಅಭಂಗವಾಗಿಯೋ? ಎರಡರಲ್ಲೂ ವಿಠ್ಠಲನೇ ಬರುವುದರಿಂದ ಕೆಲವು ಸಲ ಎರಡನೇ ಸಾಲಿನವರೆಗೂ ತೀರ್ಮಾನವಾಗುವುದಿಲ್ಲ.

ಒಂದೇ ಹಾಡು ಎರಡು ಮೂರು ರೂಪದಲ್ಲಿ ಇರುವುದೂ ಉಪಯೋಗಕ್ಕೆ ಬಂತು. ಸಿಡಿಯಿಂದ ಒಂದು, ಕ್ಯಾಸೆಟ್ಟಿನಿಂದ ಒಂದು. ಎಂಡಿ5 ಬೇರೆಯಾದ್ದರಿಂದ ಪೆಟ್ಟಿಗೆಗೆ ಅವು ಬೇರೆ ಹಾಡು. ನಾನು ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಎರಡು ಕೊಟ್ಟದ್ದಿದೆ. ಕೀ ಒತ್ತಿದ ಹೊತ್ತು ನೋಡಿದರೆ ಕಾರಣ ತಿಳಿಯುತ್ತದೆ. ಆಫೀಸಿನಿಂದ ಲೋಕಲ್‌ನಲ್ಲಿ ನಿಂತು ಬಂದ ಕೂಡಲೇ ಕೊಟ್ಟ ಅಂಕಗಳೆಲ್ಲ ಬಿಗಿ. ಭಾನುವಾರ ಬೆಳಗ್ಗೆ ಧಾರಾಳ. ಅದಕ್ಕೇ ಈಗ ಒಂದು ಹಾಡಿಗೆ ‘ಒಂದು’ ಅಂತ ಒತ್ತಿದರೂ ತಕ್ಷಣ ತೂಕ ಸೊನ್ನೆ ಮಾಡುವುದಿಲ್ಲ. ಬೇರೆ ಹೊತ್ತಿನಲ್ಲಿ ಇನ್ನೊಂದು ಸಲ ಹಾಕುತ್ತದೆ. ಆಗಲೂ ಒಂದೇ ಬಂದರೆ ಮಾತ್ರ ಹೊರಗೆ.

ಊರಿನಿಂದ ಬಂದಿದ್ದ ಅಪ್ಪ ಮೊದಲು ಪ್ಲೇ ಒತ್ತಿದರು. ಅವರಿಗೆ ಪ್ಲೇ ಅಂದರೆ ಪ್ಲೇ. “ಇದೆಂಥ ಮಾರಾಯ, ಪ್ಲೇ ಒತ್ತಿದ್ರೆ ಹಾಡು ಬದಲಾಗ್ತದೆ?” ಹಾಡಿಗೆ ಎರಡು ಬಿತ್ತು, ಮುಂದಿನದು ಶುರುವಾಯಿತು. ಈಗ ಕೀಗಳ ಮೇಲೆ 1, 2, 3, 4 ಅಂತ ಸ್ಟಿಕರ್ ಅಂಟಿಸಿದ್ದೇನೆ, ನೋಡಲು ಚೆಂದ ಇಲ್ಲ. ಹಾಡು ಬದಲಾಗುವುದನ್ನೂ ತಿದ್ದಿದ್ದೇನೆ: ಈಗ ಅಂಕ ಒತ್ತಿದರೂ ಹಾಡು ಕೊನೆಯವರೆಗೆ ನಡೆಯುತ್ತದೆ, ಒಂದು ಕೊಟ್ಟರೆ ಮಾತ್ರ ಅಲ್ಲೇ ಕತ್ತರಿಸುತ್ತದೆ.

ಇನ್ನು ಬಾಕಿ ಇರುವುದು ಯಾರು ಒತ್ತಿದ್ದು ಅನ್ನುವ ಲೆಕ್ಕ. ಹೆಂಡತಿಯ ನಾಲ್ಕೂ ನನ್ನ ಎರಡೂ ಒಂದೇ ಪುಸ್ತಕದಲ್ಲಿ ಸೇರುತ್ತಿವೆ. “ನಿಮ್ಮ ಅಂಕ ನನ್ನ ಹಾಡನ್ನು ಯಾಕೆ ಓಡಿಸಬೇಕು?” ಅನ್ನುವುದು ಅವಳ ಪ್ರಶ್ನೆ, ಸರಿಯಾಗಿಯೇ ಇದೆ. ಸ್ಟಾಪ್ ಕೀಯನ್ನು ಮೂರು ಸೆಕೆಂಡ್ ಹಿಡಿದರೆ ಆಳು ಬದಲಾಗುವಂತೆ, ಡೇಟಾಬೇಸ್‌ಗೆ ಇನ್ನೊಂದು ಕಾಲಂ ಸೇರಿಸುತ್ತಿದ್ದೇನೆ. ಇಬ್ಬರೂ ಒಂದು ಕೊಟ್ಟ ಹಾಡು ಮಾತ್ರ ಹೊರಗೆ ಹೋಗಲಿ ಅಂತ ಒಪ್ಪಂದವಾಗಿದೆ.